ನಡುಪುಟದ ಗಂಟು

“ಬಿಚ್ಚಲೇಬೇಕು,” ಎಂದು ಹುಡುಗಿ ಗ್ರಂಥಾಲಯದ ಬೈಂಡಿಂಗ್ ಕೋಣೆಗೆ ನುಗ್ಗಿ, ದಪ್ಪ ಸಂಪುಟವೊಂದನ್ನು ಮೇಜಿನ ಮೇಲೆ ದೊಪ್ಪನೆ ಹಾಕಿದಳು. “ಲೈಬ್ರರಿ ಸಾರ್ ಕೂಡ ಹೇಳಿದ್ದಾರೆ. ಕ್ರಮ ತಪ್ಪಿದೆ.”

ಬೈಂಡರಮ್ಮ ಅಂಟಿನ ಬ್ರಶ್ಶನ್ನು ಡಬ್ಬಿಯ ಅಂಚಿಗೆ ಒರೆಸಿ ಇಟ್ಟಳು. ಆಕೆ ಈ ಹುಡುಗಿಯ ಮಲತಾಯಿ. ಮೂರು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಅವನ ಕೆಲಸವೇ ಆಕೆಗೆ ಸಿಕ್ಕಿತ್ತು. ಸೂಜಿ, ದಾರ, ಕತ್ತರಿ ಎಲ್ಲ ಅವನು ಬಳಸಿದ್ದೇ. ಇನ್ನು ಹುಡುಗಿಗೆ ‘ಮಂಜಿನ ಕಾಡು’ ಎಂಬ ಚಿತ್ರಕಥೆಯ ಹುಚ್ಚು. ಹದಿನೆಂಟು ವರ್ಷದಿಂದ ತಿಂಗಳಿಗೊಂದರಂತೆ ಬರುತ್ತಿದ್ದ ಆ ಮಾಲಿಕೆಯ ಇನ್ನೂರು ಚಿಲ್ಲರೆ ಸಂಚಿಕೆಗಳೂ ಅವಳಿಗೆ ಬಾಯಿಪಾಠ. ಯಾವ ಪುಟದಲ್ಲಿ ಯಾರು ಅತ್ತರು ಎಂದು ಕೇಳಿದರೂ ಥಟ್ಟನೆ ಹೇಳುತ್ತಿದ್ದಳು. ಶನಿವಾರದ ಓದುಗರ ಕೂಟದವರು ಅವಳನ್ನು ಸಂಚಿಕೆ ರಾಣಿ ಎಂದೇ ಕರೆಯುವುದು.

ಬೈಂಡರಮ್ಮ ಮಾಡಿದ್ದ ತಪ್ಪು ಸಣ್ಣದಲ್ಲ. ಹೋದ ವರ್ಷ ಆ ಮಾಲಿಕೆಯಿಂದ ಒಂದು ಕವಲು ಹೊರಟಿತ್ತು. ಹೆಸರು ‘ಮಲತಾಯಿ’, ರಾಜಕುಮಾರಿಯನ್ನು ಕಾಡಿಗಟ್ಟಿದ ಹೆಂಗಸಿನದೇ ಕಥೆ. ಅದನ್ನು ಬೇರೆ ಸಂಪುಟ ಮಾಡುವ ಬದಲು ಆಕೆ ಹಳೆಯ ಸಂಚಿಕೆಗಳ ನಡುನಡುವೆ ಸೇರಿಸಿ ಹೊಲಿದುಬಿಟ್ಟಿದ್ದಳು. ರಾಜಕುಮಾರಿ ಕಾಡಿನಲ್ಲಿ ಅಳುತ್ತಾ ಮಲಗಿದ ಪುಟ ತಿರುವಿದರೆ, ಅರಮನೆಯ ಅಡುಗೆಮನೆಯಲ್ಲಿ ಮಲತಾಯಿ ಬುತ್ತಿ ಕಟ್ಟುತ್ತಿದ್ದಳು.

“ನಡೆದದ್ದು ಹಾಗೇ ತಾನೆ?” ಎಂದಳು ಬೈಂಡರಮ್ಮ. “ಇವಳು ಅಲ್ಲಿ ಅಳ್ತಿದ್ದಾಗ್ಲೇ ಅವಳು ಇಲ್ಲಿ ಬುತ್ತಿ ಕಟ್ಟಿದ್ದು. ಅದಕ್ಕೇ ಪಕ್ಕಪಕ್ಕ ಇಟ್ಟೆ.”

“ಬುತ್ತಿ ತಂದಿದ್ದು ಹಕ್ಕಿ, ಚಿಕ್ಕಮ್ಮ! ಸತ್ತ ತಾಯಿ ಹಕ್ಕಿಯಾಗಿ ಬಂದು ದಿನಾ ಬೆಳಿಗ್ಗೆ ಮರದ ಬುಡದಲ್ಲಿ ಇಟ್ಟು ಹೋಗ್ತಿದ್ಲು. ಇಷ್ಟು ವರ್ಷ ನಾವೆಲ್ಲ ನಂಬ್ಕೊಂಡು ಬಂದಿದ್ದೀವಿ. ಈಗ ನಾಲ್ಕು ಪ್ರತಿ ಜಾಸ್ತಿ ಮಾರೋದಕ್ಕೆ, ಅದನ್ನ ಇಟ್ಟಿದ್ದು ಮಲತಾಯಿ ಅಂದ್ರೆ? ಹಕ್ಕಿಯ ಪ್ರೀತೀನ ಕದ್ದು ಇವಳಿಗೆ ಕೊಟ್ಟ ಹಾಗಲ್ವಾ?”

ಸಾಕ್ಷಿಗೆಂದು ಅವಳು ಚೀಲದಿಂದ ನಲವತ್ತೊಂದನೇ ಸಂಚಿಕೆ ತೆಗೆದಳು. ಅದು ಅವಳ ಸ್ವಂತದ್ದು. ಹತ್ತನೇ ವಯಸ್ಸಿಗೆ ಹಾಸ್ಟೆಲಿಗೆ ಸೇರಿಸಿದ ಮೇಲೆ ತಿಂಗಳು ತಿಂಗಳೂ ಅಂಚೆಯಲ್ಲಿ ಸಂಚಿಕೆ ಬರುತ್ತಿತ್ತು, ಮೇಲೆ ಅಪ್ಪನ ಅಕ್ಷರದಲ್ಲಿ ವಿಳಾಸ. ಚಿಕ್ಕಂದಿನಲ್ಲಿ ಪುಸ್ತಕದ ತುಕ್ಕು ಪಿನ್ನು ಚುಚ್ಚಿ ಅವಳ ಬೆರಳು ಕೀವುಗಟ್ಟಿತ್ತು. ಅದಕ್ಕೇ ಅಪ್ಪ ಪ್ರತಿ ಸಂಚಿಕೆಯ ಪಿನ್ನನ್ನೂ ಕಿತ್ತು, ದಾರದಲ್ಲಿ ಹೊಲಿದು ಕಳಿಸುತ್ತಿದ್ದ. ಪಿನ್ನು ಕಿತ್ತ ಪ್ರತಿಯನ್ನು ಮೂಸಿ ನೋಡುವವರಿಲ್ಲ ಎಂದು ಕೂಟದವರು ನಕ್ಕರೂ ಅವಳು ಒಂದನ್ನೂ ಬದಲಾಯಿಸಿಕೊಂಡಿರಲಿಲ್ಲ. ದೂರ ಕಳಿಸಿದವಳು ಚಿಕ್ಕಮ್ಮ, ಮರೆಯದೆ ಇದ್ದವನು ಅಪ್ಪ. ಅವಳು ಬೆಳೆದದ್ದೇ ಈ ನಂಬಿಕೆಯ ಮೇಲೆ.

“ನೋಡಿ, ನಡುಪುಟ. ಬುತ್ತಿ ಪಕ್ಕ ಹಕ್ಕಿ ಕೂತಿದೆ.”

“ಕೂತಿದೆ, ಸರಿ. ಹೊತ್ಕೊಂಡು ಬಂದಿದ್ದನ್ನ ಯಾವ ಪುಟದಲ್ಲಿ ಬರೆದಿದ್ದಾರೆ?”

ಸಂಚಿಕೆ ರಾಣಿ ಪುಟಗಳನ್ನು ಹಿಂದೆ ಮುಂದೆ ತಿರುವಿದಳು. ಅಂಥ ಪುಟ ಇರಲಿಲ್ಲ.

“ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಿಮಗೆ ಮಲತಾಯಿ ಮುದ್ದು,” ಎಂದು ಸಿಡುಕಿ ಕತ್ತರಿ ಎತ್ತಿಕೊಂಡಳು. ಮಾತು ತಾಗಬೇಕಾದ ಕಡೆಗೇ ತಾಗಿತು. ಬೈಂಡರಮ್ಮ ಮತ್ತೆ ಅಂಟಿನ ಬ್ರಶ್ಶನ್ನು ಕೈಗೆತ್ತಿಕೊಂಡಳು.

ಸಂಪುಟದ ಒಂದೊಂದು ಸಂಚಿಕೆಯ ನಡುಪುಟದಲ್ಲೂ ಒಂದೊಂದು ಗಂಟು. ಮೊದಲನೆಯದು ಕಚಕ್ಕನೆ ತುಂಡಾಯಿತು. ಎರಡನೆಯದಕ್ಕೆ ಕತ್ತರಿ ಒಡ್ಡಿದ ಕೈ ಹಾಗೇ ನಿಂತಿತು. ಪುಟ್ಟ ಜೋಡಿಗಂಟು, ದಾರದ ತುದಿಗಳೆರಡೂ ಬಲಕ್ಕೆ ವಾಲಿದ್ದವು. ಪಕ್ಕದಲ್ಲಿ ತೆರೆದಿದ್ದ ಅವಳ ಸ್ವಂತ ಸಂಚಿಕೆಯಲ್ಲೂ ಜೋಡಿಗಂಟು. ಅಲ್ಲೂ ಬಲಕ್ಕೆ.

ಅಪ್ಪ ಎಡಚ. ಬರೆಯುವುದು, ಹೊಲಿಯುವುದು ಎಲ್ಲ ಎಡಗೈಯಲ್ಲೇ. ಅವಳು ಕಪಾಟಿನಿಂದ ಅಪ್ಪ ಹೊಲಿದಿದ್ದ ಹಳೆಯ ಸಂಪುಟವೊಂದನ್ನು ಎಳೆದು ತೆರೆದಳು. ಗಂಟು ಎಡಕ್ಕಿತ್ತು. ಇನ್ನೊಂದನ್ನು ಎಳೆದಳು. ಅದೂ ಎಡಕ್ಕೆ. ಮೂರನೆಯದನ್ನು ತೆರೆಯಲು ಧೈರ್ಯವಾಗಲಿಲ್ಲ.

“ನನ್ನ ಪುಸ್ತಕಗಳನ್ನ ಹೊಲಿದಿದ್ದು ಯಾರು?”

“ನಿಮ್ಮಪ್ಪನ ಹತ್ರಾನೇ ಕಲಿತೆ,” ಎಂದಳು ಬೈಂಡರಮ್ಮ, ಬ್ರಶ್ಶನ್ನು ನೋಡುತ್ತಾ. “ಮೊದಮೊದಲು ಡೊಂಕಾಗ್ತಿತ್ತು.”

“ಕೊಂಡು ತರ್ತಿದ್ದಿದ್ದೂ ನೀವೇನಾ?”

“ಹೂಂ. ಓದಿ ಆಮೇಲೆ ಹೊಲೀತಿದ್ದೆ. ನನಗೂ ರುಚಿ ಹತ್ತಿತ್ತು.”

“ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ನಾನು ಕಳಿಸಿದ್ದು ಅಂದಿದ್ರೆ ನೀನು ಓದ್ತಿದ್ದೆಯಾ?”

ಹುಡುಗಿಗೆ ಅಳು ಒತ್ತರಿಸಿಕೊಂಡು ಬಂತು. ಅಪ್ಪ ಎರಡನೇ ಸಲ ಸತ್ತ ಹಾಗಾಯಿತು.

“ಹಾಗಾದ್ರೆ ಅಪ್ಪ ಏನೂ ಮಾಡ್ಲಿಲ್ವಾ?”

“ಯಾಕೆ ಮಾಡ್ಲಿಲ್ಲ? ವಿಳಾಸ ಅವರೇ ಬರೀತಿದ್ರು. ನನ್ನ ಕೈಗೆ ಬಿಡ್ತಾನೇ ಇರ್ಲಿಲ್ಲ. ಬರೆದು, ಅಂಟು ಒಣಗೋ ತನಕ ಲಕೋಟೇನ ಎದೆಗೆ ಒತ್ತಿ ಹಿಡ್ಕೊಂಡಿರ್ತಿದ್ರು.”

ಅಷ್ಟರಲ್ಲಿ ಗ್ರಂಥಪಾಲಕರು ಬಾಗಿಲಲ್ಲಿ ಇಣುಕಿದರು. “ಏನಮ್ಮ ಸಂಚಿಕೆ ರಾಣಿ, ಬಿಚ್ಚಿದ್ದಾಯ್ತಾ? ಸರಿಯಾದ ಕ್ರಮ ಯಾವುದು, ಬರೆದುಕೊಡು.”

ಅವಳು ಮುಖ ಒರೆಸಿಕೊಂಡಳು. “ಈಗಿರೋದೇ ಸರಿ ಸಾರ್. ನಾನೇ ತಪ್ಪು ತಿಳ್ಕೊಂಡಿದ್ದೆ.”

ಅವರು ಗೊಣಗುತ್ತಾ ಹೋದರು. ಬೈಂಡರಮ್ಮ ತುಂಡಾದ ದಾರವನ್ನು ಕಿತ್ತೆಸೆದು, ಹೊಸದನ್ನು ಸೂಜಿಗೆ ಪೋಣಿಸಿ ಹೊಲಿದಳು. ಗಂಟಿನ ಮೊದಲ ಸುತ್ತು ಹಾಕಿ, “ಜಾರುತ್ತೆ, ಸ್ವಲ್ಪ ಬೆರಳಿಡು,” ಎಂದಳು.

ಹುಡುಗಿ ಬೆರಳಿಟ್ಟಳು. ಪಿನ್ನು ಚುಚ್ಚಿದ ಕಲೆ ಇನ್ನೂ ಇದ್ದ ಬೆರಳು. ದಾರ ಬಿಗಿಯುತ್ತಾ ಬಂತು.

“ಸಾಕು, ಇನ್ನು ತೆಗಿ,” ಎಂದಳು ಚಿಕ್ಕಮ್ಮ.

ಅವಳು ತೆಗೆಯಲಿಲ್ಲ.