ಎರಡು ಸಲ ಕೆಮ್ಮಿದ್ದು

ತಂಬಾಕಿನ ವಾಸನೆ ಬಂದರೆ ಸಾಕು, ಯಾರಿಗೋ ಏನೋ ತಪ್ಪು ಹೇಳಿಬಿಟ್ಟೆನೆಂದು ಈ ವಯಸ್ಸಿನಲ್ಲೂ ನನ್ನ ಎದೆ ಬಡಿದುಕೊಳ್ಳುತ್ತದೆ.

ಆ ಮಧ್ಯಾಹ್ನ ನಿಪ್ಪಾಣಿಯ ನಮ್ಮ ಮನೆಗೆ ಅಕ್ಕನನ್ನು ನೋಡಲು ಬಂದಿದ್ದರು. ಅಪ್ಪನಿಗೆ ಈ ಸಂಬಂಧ ಬೇಕಿತ್ತು, ಅಕ್ಕನಿಗೆ ಇನ್ನೂ ಕಾಲೇಜು ಬೇಕಿತ್ತು. ವರನ ಕಾಕಾ ಇಂಗ್ಲಿಷ್ ಬರೆಸಿ ನೋಡುವವರಂತೆ. ಅಕ್ಕನಿಗೋ ವೇಟ್, ಲಿಸನ್‌ಗಳ ಮುಂದೆ ಟು ಬರುತ್ತದೋ ಫಾರ್ ಬರುತ್ತದೋ ಎಂಬುದೇ ಗೊಂದಲ. ಶಾಲೆಯ ಆರನೇ ಇಯತ್ತೆಯಲ್ಲೇ ಇಂಗ್ಲಿಷಿಗೆ ಹೆಸರಾಗಿದ್ದ ನನ್ನನ್ನು ಅಪ್ಪ ಪಕ್ಕದ ತಂಬಾಕಿನ ಕೋಣೆಗೆ ತಳ್ಳಿ ಚಿಲಕ ಹಾಕಿದ.

“ಟು ಇದ್ರ ಒಮ್ಮೆ ಕೆಮ್ಮು, ಫಾರ್ ಇದ್ರ ಎರಡ ಸಲ. ತಿಳೀತೇನಬೇ?”

ಚೀಲಗಳ ಘಾಟಿಗೆ ಕಣ್ಣು ಉರಿಯುತ್ತಿತ್ತು. ಕೆಮ್ಮು ತಾನಾಗಿ ಬಂದರೆ ಅಕ್ಕನ ಬಾಳೇ ಹಾಳೆಂದು ಬಾಯಿಗೆ ಲಂಗ ತುರುಕಿಕೊಂಡೆ.

“‘ನಿಮ್ಮ ಸಲುವಾಗಿ ಕಾಯಾಕತ್ತೀನಿ’ ಅಂತ ಇಂಗ್ಲಿಷಿನ್ಯಾಗ ಬರಿಯವಾ,” ಎಂದರು ಕಾಕಾ.

ಅಪ್ಪ ಚಹಾ ತರಲು ಒಳಗೆ ಹೋಗಿದ್ದ; ನಾನು ಸ್ಪಷ್ಟವಾಗಿ ಎರಡು ಸಲ ಕೆಮ್ಮಿದೆ. ಬಾಗಿಲ ಸಂದಿಯಿಂದ ಕಂಡಂತೆ, ಅಕ್ಕ ಒಮ್ಮೆ ನನ್ನತ್ತ ತಿರುಗಿ ನೋಡಿ, ನಿಧಾನವಾಗಿ ಬರೆದು ಹಾಳೆ ಕೊಟ್ಟಳು.

“ವೇಟಿಂಗ್ ಟು?” ಕಾಕಾ ನಕ್ಕರು. ಚಹಾ ಕುಡಿದು ಹೊರಟರು.

“ತಪ್ಪ ಯಾಕ ಕೆಮ್ಮಿದಿ? ಎಲ್ಲಾ ಕೆಡಿಸಿದೆಲ್ಲಬೇ!” ಅಪ್ಪ ಚಿಲಕ ತೆಗೆದು ಕೈಯೆತ್ತಿದ.

“ಬಿಡಪಾ, ಸಣ್ಣಾಕಿ. ನನಗ ಒಂದ ಸಲ ಕೇಳಿಸ್ತು,” ಎಂದ ಅಕ್ಕ, ಬಂದವರು ಬಿಟ್ಟ ಚಿವಡಾವನ್ನೆಲ್ಲ ನನ್ನ ಬೊಗಸೆಗೆ ಸುರಿದಳು.