ಲುದ್ವಿನಾ ಟ್ಯಾಂಗೊ

"ಒಂದೇ ಸಲ ಹಾಕುವುದು ಬಾಯಮ್ಮ, ಆಯ್ತಾ? ಬಿರುಕು ನಡುವಿನವರೆಗೆ ಹೋಗಿ ಉಂಟು. ಸೂಜಿ ಸಿಕ್ಕಿದರೆ ಪ್ಲೇಟು ಖಲಾಸ್," ಎಂದ ಮೊಯ್ದೀನ್, ಗ್ರಾಮಫೋನಿನ ಕೀಲಿ ತಿರುಗಿಸುತ್ತ.

ಎಲಿಜಬೆತ್ ಬಾಯಿ ತಲೆಯಾಡಿಸಿದರು. ಮಗ ಎಡ್ಮಂಡ್ ಮೊಬೈಲನ್ನು ರೆಕಾರ್ಡಿಂಗಿಗೆ ಹಾಕಿ ಯಂತ್ರದ ಪಕ್ಕದಲ್ಲಿಟ್ಟ. ಕೊಲ್ಲಿ ನಾಡಿನ ಮತ್ರಾ ಪೇಟೆಯ ಗಲ್ಲಿಯೊಳಗಿನ ಆ ಅಂಗಡಿಯಲ್ಲಿ ಮುಂದೆ ಲೋಬಾನ, ಹಿಂದೆ ಹಳೆಯ ಸಾಮಾನು. ಹೋದ ವಾರ ಯಾವುದೋ ಗುಜರಾತಿ ವರ್ತಕರ ಮನೆ ಖಾಲಿ ಮಾಡಿಸುವಾಗ ಮೊಯ್ದೀನ್‌ಗೆ ಒಂದು ಪೆಟ್ಟಿಗೆ ಪ್ಲೇಟುಗಳು ಸಿಕ್ಕಿದ್ದವು. ಒಂದರ ಮೇಲೆ 'ಲುದ್ವಿನಾ - ಟ್ಯಾಂಗೊ' ಎಂದಿದ್ದುದನ್ನು ಕಂಡವನೇ ದಾರ್ಸೈಟ್‌ನಲ್ಲಿದ್ದ ಅವರ ಮನೆಗೆ ಫೋನ್ ಮಾಡಿದ್ದ. ಗೆಳೆಯ ಎಡ್ಮಂಡ್ ತನ್ನ ತಾಯಿಯ ಕತೆಯನ್ನು ಅವನಿಗೆ ಎಷ್ಟೋ ಸಲ ಹೇಳಿದ್ದ, ಪ್ರತಿ ಸಲವೂ ಸ್ವಲ್ಪ ನಗುತ್ತಲೇ.

ಕತೆ ಇಷ್ಟು. ಎಲಿಜಬೆತ್ ಬಾಯಿಯ ಅಪ್ಪ ಬೊನಿಫಾಸ್ ಬಂಟ್ವಾಳದ ಕಡೆಯವನು. ಇಗರ್ಜಿಯಲ್ಲಿ ವಯೊಲಿನ್ ಕಲಿತು ಹಡಗಿನ ಬ್ಯಾಂಡು ಸೇರಿದ. ಬ್ಯೂನಸ್ ಐರಿಸ್ ಬಂದರಿನ ಪಡಖಾನೆಗಳಲ್ಲಿ ಟ್ಯಾಂಗೊ ಕುಣಿತದ ಸಂಗೀತ ಕೇಳಿ ಹುಚ್ಚು ಹತ್ತಿಸಿಕೊಂಡ. ಮುಂಬಯಿಗೆ ಮರಳಿ ಬಿಳಿಯರ ಹೋಟೆಲ್ ಬ್ಯಾಂಡಿನಲ್ಲಿ ಒಬ್ಬನೇ ಕೊಂಕಣಿಯವನಾಗಿ ಬಾರಿಸುತ್ತ, ಊರಲ್ಲಿ ಯಾರೂ ಆ ಹೆಸರನ್ನೇ ಕೇಳದಿದ್ದ ಕಾಲದಲ್ಲಿ, ತಾನೇ ಟ್ಯಾಂಗೊಗಳನ್ನು ಬರೆದ. ಮಗಳಿಗೆ ವರ್ಷ ತುಂಬುವ ಮೊದಲೇ ಕ್ಷಯದಿಂದ ತೀರಿಕೊಂಡ. ಬರೆದ ಕಾಗದ ಒಂದೂ ಉಳಿಯಲಿಲ್ಲ. ಈಗ ಇಲ್ಲಿಯ ಕೊಂಕಣಿ ಬಳಗದವರು ಹಳೆಯ ಸಂಗೀತಗಾರರ ಬಗ್ಗೆ ಪುಸ್ತಕ ಮಾಡುತ್ತಿದ್ದರು. "ದಾಖಲೆ ಇಲ್ಲದೆ ಹೇಗೆ ಸೇರಿಸುವುದು ಬಾಯಿ?" ಎಂದು ಅವರು ಕೇಳಿದಾಗ ಎಡ್ಮಂಡ್ ಕೂಡ ತಾಯಿಯ ಪರ ಮಾತಾಡಿರಲಿಲ್ಲ.

ಎಡ್ಮಂಡ್ ಕನ್ನಡಕ ಏರಿಸಿ ಪ್ಲೇಟಿನ ಲೇಬಲ್ ಓದಿದ. "ಮಮ್ಮಿ, ಬರೆದವರ ಹೆಸರು ಬೇರೆ ಉಂಟು. ಬ್ಯಾಂಡ್ ಮಾಸ್ಟರಂದು. ಯಾರೋ ಬಿಳಿ ದೊರೆ."

"ನನ್ನ ಅಮ್ಮನ ಹೆಸರು ಆ ದೊರೆಗೆ ಎಂತಕ್ಕೆ ಬೇಕಿತ್ತು?"

"ಲುದ್ವಿನಾ ಅಂತ ಮುಂಬಯಿಯಲ್ಲಿ ಎಷ್ಟು ಜನ ಇಲ್ಲ?"

"ಮೊದಲು ಕೇಳುವ ಮಾರಾಯ," ಎಂದು ಮೊಯ್ದೀನ್ ಸೂಜಿ ಇಳಿಸಿದ.

ಮೊದಲು ಬರೀ ಗರಗರ. ಆಮೇಲೆ ಪಿಯಾನೊ, ಅದರ ಮೇಲೆ ವಯೊಲಿನ್. ನಾಲ್ಕು ಹೆಜ್ಜೆ ನಡೆದು ಗಕ್ಕನೆ ನಿಂತು, ಹಿಂತಿರುಗಿ ನೋಡಿದಂಥ ರಾಗ. ಬಿರುಕು ಬಂದಾಗಲೆಲ್ಲ ಟಕ್ ಎನ್ನುತ್ತಿತ್ತು. ಎಲಿಜಬೆತ್ ಬಾಯಿ ಕಣ್ಣು ಮುಚ್ಚಿ ಗುನುಗತೊಡಗಿದರು. ಎಡ್ಮಂಡ್‌ಗೆ ಮೊದಲು ಗೊತ್ತಾಗಲಿಲ್ಲ. ಆಮೇಲೆ ತಾಯಿಯತ್ತ ಬಗ್ಗಿ ಕಿವಿಗೊಟ್ಟ. ತಾಯಿ ರಾಗದ ಹಿಂದೆ ಹೋಗುತ್ತಿರಲಿಲ್ಲ, ಮುಂದಿದ್ದರು. ಅವರ ಗಂಟಲು ತಿರುಗಿದ ಕಡೆಗೆ ಒಂದು ಕ್ಷಣದ ನಂತರ ವಯೊಲಿನ್ ತಿರುಗುತ್ತಿತ್ತು.

"ಇದನ್ನು ಎಲ್ಲಿ ಕೇಳಿದ್ದು ಮಮ್ಮಿ?"

"ಅಮ್ಮ ಕಡೆಯುವ ಕಲ್ಲಿನ ಹತ್ತಿರ ಕೂತು ಗುನುಗುತ್ತಿದ್ದಳು. ನಮ್ಮ ಮನೆಯಲ್ಲಿ ಪ್ಲೇಟೂ ಇರಲಿಲ್ಲ, ಹಾಡುವ ಪೆಟ್ಟಿಗೆಯೂ ಇರಲಿಲ್ಲ."

ಎಡ್ಮಂಡ್ ತಲೆ ತಗ್ಗಿಸಿದ. ಅರವತ್ತು ವರ್ಷ ಕೇಳಿಸಿಕೊಂಡ ಕತೆಯನ್ನು ಅವನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. "ಪುಸ್ತಕದವರ ಹತ್ತಿರ ನಾನೇ ಹೋಗ್ತೇನೆ," ಎಂದು ಅವನು ಹೇಳುವಷ್ಟರಲ್ಲಿ ಕೊನೆಯ ಸ್ವರ ಮುಗಿಯಿತು. ಮೊಯ್ದೀನ್ ಸೂಜಿ ಎತ್ತಲು ಕೈ ಚಾಚಿದ.

ಆಗ ಪ್ಲೇಟಿನೊಳಗಿಂದ, ಗರಗರದ ನಡುವೆ, ಯಾರೋ ಯುವಕ ಏದುಸಿರಿನಲ್ಲಿ ಕೇಳಿದ:

"ಜಾಲೆಂಗೀ?"

ಮೊಯ್ದೀನ್‌ನ ಕೈ ಹಾಗೆಯೇ ನಿಂತಿತು. "ಎಂತ ಹೇಳಿದ್ದು ಅದು?"

"ಕೊಂಕಣಿ. ಆಯ್ತಾ ಅಂತ," ಎಂದ ಎಡ್ಮಂಡ್. "ದೊರೆಯ ಬ್ಯಾಂಡಿನಲ್ಲಿ ಕೊಂಕಣಿ ಮಾತಾಡುವವರು..."

"ಪಪ್ಪ ಒಬ್ಬರೇ," ಎಂದರು ಎಲಿಜಬೆತ್ ಬಾಯಿ.

ಎಂಬತ್ತೇಳು ವರ್ಷದಲ್ಲಿ ಅವರು ಅಪ್ಪನ ದನಿ ಕೇಳಿದ್ದು ಅದೇ ಮೊದಲು. ಪ್ಲೇಟಿನಲ್ಲಿ ಅವನಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಸೂಜಿ ಖಾಲಿ ಗೆರೆಯಲ್ಲಿ ಸುತ್ತುತ್ತಲೇ ಇತ್ತು. ಎಲಿಜಬೆತ್ ಬಾಯಿ ಗ್ರಾಮಫೋನಿನ ಬಾಯಿಯ ಹತ್ತಿರಕ್ಕೆ ಬಗ್ಗಿ, ತನಗಿಂತ ಎಷ್ಟೋ ಚಿಕ್ಕವನಾದ ಆ ಹುಡುಗನಿಗೆ ಮೆಲ್ಲಗೆ ಹೇಳಿದರು:

"ಜಾಲೆಂ ಪಪ್ಪಾ. ಬರೆಂ ಜಾಲೆಂ."

ಆಯಿತು. ಚೆನ್ನಾಗಿ ಬಂತು.