ಕೆಂಪು ಹಗ್ಗ

ದುಂಡನೆಯ ‘ಡಬ್ಬಿ’ ಜಾತಿಯ ಮೆಣಸಿನಕಾಯಿ ತುಂಬಿದ ಪೊಟ್ಟಣದ ಮೇಲೆ, ಸಪೂರ ಜಾತಿಯ ‘ಕಡ್ಡಿ’ ಎಂಬ ಚೀಟಿ ಅಂಟಿ ಬಂದದ್ದು ಶೈಲಾಳ ಕಣ್ಣಿಗೆ ಬಿತ್ತು. ಹಿಂದಿನ ಪೊಟ್ಟಣಕ್ಕೂ ಅದೇ ಚೀಟಿ. ಚೀಟಿ ಮುದ್ರಿಸುವ ಸಾಫ್ಟ್‌ವೇರ್ ಅವಳದೇ. ವಾರಕ್ಕೊಂದು ತುಣುಕು ಬರೆದು, ಬ್ಯಾಡಗಿಯ ಈ ಕಾರ್ಖಾನೆಯಲ್ಲೇ ಓಡಿಸಿ ನೋಡಿ ತಿದ್ದುತ್ತಿದ್ದಳು. ಹೊಸ ತುಣುಕು ಇವತ್ತು ಬೆಳಿಗ್ಗೆಯಷ್ಟೇ ಸೇರಿತ್ತು.

ಪೊಟ್ಟಣ ಸಾಗಿಸುವ ಬೆಲ್ಟಿನ ಮೇಲೆ ಕೆಂಪು ಹಗ್ಗ ತೂಗುತ್ತಿತ್ತು. ತಪ್ಪು ಯಾರಿಗೇ ಕಾಣಲಿ, ಜಗ್ಗಿ ಕೆಲಸ ನಿಲ್ಲಿಸಬೇಕು, ಜಗ್ಗಿದವರನ್ನು ಬೈಯಬಾರದು ಎಂದು ಕಟ್ಟಿಸಿದವಳೂ ಅವಳೇ. ಇಲ್ಲಿಯತನಕ ಅದನ್ನು ಯಾರೂ ಮುಟ್ಟಿರಲಿಲ್ಲ. "ನಮ್ಮ ಬೆಲ್ಟ್ ನಿಂತಿದ್ದು ಯಾರೂ ನೋಡಿಲ್ರಿ" ಎಂದು ಅವಳ ಅಪ್ಪ, ಮಾಲೀಕ ಪ್ರಭುಲಿಂಗಪ್ಪ, ಈಗಲೂ ಹುಬ್ಬಳ್ಳಿಯ ವ್ಯಾಪಾರಿಯೊಬ್ಬನಿಗೆ ಹೇಳುತ್ತಿದ್ದರು. ಪೊಟ್ಟಣ ಎತ್ತಿಡುವ ಗುಡ್ಡವ್ವನಿಗೂ ಚೀಟಿ ಕಂಡಿತು. ಅವಳ ಕೈ ಹಗ್ಗದತ್ತ ಎದ್ದು, ಮಾಲೀಕರನ್ನು ನೋಡಿ ಕೆಳಗಿಳಿಯಿತು.

ಶೈಲಾ ಹಗ್ಗ ಹಿಡಿದು ಜಗ್ಗಿದಳು. ಬೆಲ್ಟ್ ನಿಂತಿತು. ಇಡೀ ಶೆಡ್ಡಿನಲ್ಲಿ ಯಾರೋ ಸೀನಿದ್ದು ಮಾತ್ರ ಕೇಳಿಸಿತು.

"ತಪ್ಪು ನಂದ ಐತಿ," ಎಂದಳು ಗಟ್ಟಿಯಾಗಿ. "ಡಬ್ಬಿಗೆ ಕಡ್ಡಿ ಚೀಟಿ ಬರಾಕತ್ತೈತಿ. ಸರಿ ಮಾಡಿ ಚಾಲೂ ಮಾಡ್ತೇನಿ."

"ಏನ್ ಸಾವ್ಕಾರ್ರ, ಮಷೀನ್ ಕೆಡ್ತೇನ್ರಿ?" ವ್ಯಾಪಾರಿ ನಕ್ಕ.

ಪ್ರಭುಲಿಂಗಪ್ಪ ನಿಂತ ಬೆಲ್ಟನ್ನು ನೋಡಿದರು. ಆಮೇಲೆ, ಇನ್ನೂ ಹಗ್ಗ ಹಿಡಿದೇ ನಿಂತಿದ್ದ ಮಗಳನ್ನು.

"ಕೆಟ್ಟಿಲ್ರಿ," ಎಂದರು, ಶೆಡ್ಡಿನ ಕೊನೆಯವರೆಗೂ ಕೇಳುವ ಹಾಗೆ. "ನನ್ನ ಮಗಳು ನಿಲ್ಲಿಸ್ಯಾಳ."

ನಂತರ ಗುಡ್ಡವ್ವನ ಕಡೆ ತಿರುಗಿದರು. "ಮುಂದಿನ ಸಲ ನೀ ಜಗ್ಗಬೇಕ ನೋಡವಾ."